ನಿಲುದೀಪವೂ ದೀಪದ ಬುಡದ ಕತ್ತಲೂ

ಕಳೆದ ವರ್ಷ ನನ್ನ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ, ರಾತ್ರಿ ಓದುವಾಗ ಬೆಳಕು ಎದುರಿನಿಂದ ಕಣ್ಣಿಗೆ ಹೊಡೆಯಬಾರದು, ಹೆಗಲ ಮೇಲಿನಿಂದ ಪುಸ್ತಕದ ಮೇಲೆ ಬೀಳಬೇಕು ಎಂದು ವೈದ್ಯರು ಹೇಳಿದರು. ಮಗಳಿಗೆ ಅಷ್ಟೇ ಸಾಕಾಯಿತು. "ಅಪ್ಪಾ, ಹಾಲ್‌ನ ಆ ಮೂಲೆಗೆ ಹಳೇ ಕಾಲದ್ದೊಂದು ಫ್ಲೋರ್ ಲ್ಯಾಂಪ್ ತಂದಿಡೋಣ. ನಿಮಗೆ ಓದೋದಕ್ಕೂ ಆಗುತ್ತೆ, ಮನೆಗೂ ಒಂದು ಕಳೆ ಬರುತ್ತೆ" ಎಂದಳು. ಮೊಬೈಲಿನಲ್ಲಿ ಸಾಲುಸಾಲಾಗಿ ಚಿತ್ರಗಳನ್ನು ತೋರಿಸಿದಳು. ಹಿತ್ತಾಳೆಯವು, ಮರದ ಮೂರು ಕಾಲಿನವು, ಬಟ್ಟೆಯ ಕೊಡೆ ಹೊತ್ತವು. ಎಲ್ಲದರ ಕೆಳಗೂ 'ವಿಂಟೇಜ್' ಎಂಬ ಪದ.

"ಹಳೇ ಕಾಲ ಸರಿ ಕಣಮ್ಮ, ಆದರೆ ಯಾರ ಹಳೇ ಕಾಲ?" ಎಂದು ಕೇಳಿದೆ. ಮಗಳು ನಕ್ಕು ಸುಮ್ಮನಾದಳು. ಚರಿತ್ರೆ ಪಾಠ ಮಾಡಿ ನಿವೃತ್ತನಾದವನಿಗೆ ಮಾತ್ರ ಆ ಪ್ರಶ್ನೆ ಸುಮ್ಮನಿರಗೊಡಲಿಲ್ಲ. ಮಾಗಡಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಹಳೆಯ ಕಾಲದಲ್ಲಿ ಇಂಥ ದೀಪವನ್ನು ನಾನು ಕಂಡಿರಲಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು, ಯಾರ ಮನೆಯಲ್ಲಿತ್ತು, ನಮ್ಮ ಮನೆಗೆ ಏಕೆ ಬರಲಿಲ್ಲ? ಓದುಗ ಮಿತ್ರರು ಈ ಮುದುಕನೊಡನೆ ಸ್ವಲ್ಪ ದೂರ ನಡೆದರೆ, ದೀಪ ಆರಿಸುವ ಕೆಲಸವೂ ಮುಗಿಯುತ್ತದೆ, ಒಂದು ಹಳೆಯ ಸಾಲವೂ ನೆನಪಿಗೆ ಬರುತ್ತದೆ.

ಫ್ಲೋರ್ ಲ್ಯಾಂಪ್ ಎಂಬುದಕ್ಕೆ ನಾನು ನನ್ನ ಅನುಕೂಲಕ್ಕೆ 'ನಿಲುದೀಪ' ಎಂದು ಹೆಸರಿಟ್ಟುಕೊಂಡಿದ್ದೇನೆ. ನೆಲದ ಮೇಲೆ ನಿಲ್ಲುವ ದೀಪ ನಮಗೇನೂ ಹೊಸತಲ್ಲ. ದೇವರ ಮುಂದಿನ ಹಿತ್ತಾಳೆಯ ದೀಪದ ಕಂಬ, ಕರಾವಳಿಯವರ ಕಾಲುದೀಪ, ದೇವಾಲಯದ ಅಂಗಳದ ಕಲ್ಲಿನ ದೀಪಸ್ತಂಭ, ಇವೆಲ್ಲ ನಿಲುದೀಪಗಳೇ. ನಮ್ಮ ಶಾಸನಗಳನ್ನು ನೋಡಿದವರಿಗೆ 'ನಂದಾದೀವಿಗೆ' ಎಂಬ ಪದ ಪರಿಚಿತ. ದೇವರ ಮುಂದೆ ಎಂದೂ ನಂದದ ದೀಪ ಉರಿಯಲೆಂದು ಭೂಮಿ ಬಿಟ್ಟವರು, ಹೊನ್ನು ಕೊಟ್ಟವರು, ಗಾಣದಿಂದ ಇಷ್ಟು ಸೊಡರೆಣ್ಣೆ ಸಲ್ಲಬೇಕೆಂದು ಕಲ್ಲಿನ ಮೇಲೆ ಕೆತ್ತಿಸಿದವರು ಎಷ್ಟೋ ಮಂದಿ. ರಾತ್ರಿಯ ಬೆಳಕು ಆಗ ಅಳೆದು ಕೊಡುವ ಸಂಪತ್ತಾಗಿತ್ತು. ಮನೆಯಲ್ಲಿ ಮಾತ್ರ ಸಂಜೆಯ ದೀಪ ಹೊತ್ತಿಸಿ, ಉಂಡು, ಬೇಗನೆ ಆರಿಸಿ ಮಲಗುವುದೇ ರೂಢಿ. ಎಣ್ಣೆ ಉರಿಸುವುದಕ್ಕಿಂತ ತಿನ್ನುವುದಕ್ಕೆ ಬೇಕಿತ್ತು.

ಮಗಳು ತೋರಿಸಿದ ಮಾದರಿಯ ದೀಪದ ವಂಶವೇ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪು ಅಮೆರಿಕಗಳ ಅನುಕೂಲಸ್ಥರ ಮನೆಗಳಲ್ಲಿ, ಪಿಯಾನೋ ಪಕ್ಕದಲ್ಲೋ ಆರಾಮಕುರ್ಚಿಯ ಪಕ್ಕದಲ್ಲೋ ನಿಲ್ಲಿಸಲು, ಎತ್ತರ ತಗ್ಗಿಸಿ ಏರಿಸಬಹುದಾದ ಲೋಹದ ಕಂಬದ ಮೇಲೆ ಸೀಮೆಎಣ್ಣೆಯ ದೀಪವನ್ನು ಕೂರಿಸಿದರು. ವಿದ್ಯುತ್ತು ಬಂದಾಗ ಎಣ್ಣೆಯ ಬುಡ್ಡಿಯ ಜಾಗಕ್ಕೆ ಬಲ್ಬು ಬಂತು. ಎಡಿಸನ್ 1879ರಲ್ಲಿ ತೋರಿಸಿದ ಇಂಗಾಲದ ತಂತಿಯ ಬಲ್ಬಿನ ಬೆಳಕು ಮಂದವಾಗಿತ್ತು. 1910ರ ಸುಮಾರಿಗೆ ಟಂಗ್‌ಸ್ಟನ್ ತಂತಿಯನ್ನು ಎಳೆಯುವ ವಿಧಾನ ಸಿದ್ಧಿಸಿ, ಮುಂದೆ ಬಲ್ಬಿನೊಳಗೆ ಅನಿಲ ತುಂಬುವ ಕ್ರಮವೂ ಬಂದಾಗ ಬೆಳಕು ಕಣ್ಣು ಕೋರೈಸುವಷ್ಟು ಪ್ರಖರವಾಯಿತು. ಆಗ ತಲೆಯ ಮೇಲಿನ ಕೊಡೆ ಅಲಂಕಾರವಾಗಿ ಉಳಿಯಲಿಲ್ಲ, ಅಗತ್ಯವಾಯಿತು.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಬೇಕು. ಮನುಷ್ಯನೆತ್ತರದ ದೀಪಕ್ಕೆ ಅರ್ಥ ಬರುವುದು ಪಕ್ಕದಲ್ಲಿ ಕುರ್ಚಿ ಇದ್ದಾಗ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಓದುವವನಿಗೆ ಬೇಕಾದದ್ದು ಮಣೆಯ ಮೇಲಿಟ್ಟ ಲಾಟೀನು. ಅಂದರೆ ನಿಲುದೀಪಕ್ಕೆ ಕುರ್ಚಿ ಬೇಕು, ಕುರ್ಚಿ ಹಾಕಲು ಜಾಗ ಬೇಕು, ಒಬ್ಬನೇ ಕುಳಿತು ಓದುವಷ್ಟು ಬಿಡುವು ಬೇಕು, ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಬೇಕು. ಇಷ್ಟೂ ಒಟ್ಟಿಗೆ ನಮ್ಮ ನಾಡಿನಲ್ಲಿ ಎಷ್ಟು ಮನೆಗಳಲ್ಲಿದ್ದವು?

ನಮ್ಮ ನಾಡಿಗೆ ವಿದ್ಯುತ್ತು ಬಂದ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ರೂಪುಗೊಂಡಿತು. ರಾಯಲ್ ಎಂಜಿನಿಯರ್ಸ್ ಪಡೆಯ ಜೋಲಿ ಡಿ ಲಾಟ್‌ಬಿನಿಯರ್ ಎಂಬ ಅಧಿಕಾರಿ ಅದರ ಹೊಣೆ ಹೊತ್ತರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರಗಳನ್ನು ಒದಗಿಸಿತು. ಶೇಷಾದ್ರಿ ಅಯ್ಯರ್ ಅದರ ಫಲವನ್ನು ಕಾಣದೆ 1901ರಲ್ಲಿ ತೀರಿಕೊಂಡರು. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಮೊದಲು ಬೆಳಕು ಕಂಡದ್ದು ಮನೆಯೂ ಅಲ್ಲ, ಶಾಲೆಯೂ ಅಲ್ಲ, ಗಣಿ. ಚಿನ್ನ ತೆಗೆಯುವ ಕಂಪನಿಗಳು ಕೊಡುವ ಹಣದ ಭರವಸೆಯ ಮೇಲೆಯೇ ಆ ಯೋಜನೆ ನಿಂತಿತ್ತು.

ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್ ತಿಂಗಳಿನಲ್ಲಿ, ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ. 'ಏಷ್ಯಾ ಖಂಡದಲ್ಲೇ ಮೊದಲ ವಿದ್ಯುತ್ ಬೀದಿದೀಪ ನಮ್ಮದು' ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ನಾನೂ ಬಹಳ ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಅದು ತಪ್ಪು. ಟೋಕಿಯೋದ ಗಿಂಜಾ ಬೀದಿ 1882ರಲ್ಲೇ ವಿದ್ಯುತ್ ದೀಪ ಕಂಡಿತ್ತು. ನಮ್ಮ ದೇಶದಲ್ಲಿಯೇ ಡಾರ್ಜಿಲಿಂಗ್ ಬಳಿಯ ಜಲವಿದ್ಯುತ್ ಕೇಂದ್ರ 1897ರಲ್ಲೂ ಕಲ್ಕತ್ತೆಯ ವಿದ್ಯುತ್ ಸರಬರಾಜು 1899ರಲ್ಲೂ ಆರಂಭವಾಗಿದ್ದವು. ಅಷ್ಟು ದೂರದವರೆಗೆ, ಅಷ್ಟು ಬೇಗ, ಒಂದು ದೇಶೀ ಸಂಸ್ಥಾನ ತಂತಿ ಎಳೆದದ್ದೇ ನಮ್ಮ ನಿಜವಾದ ಹೆಮ್ಮೆ. ಅದಕ್ಕೆ ಸುಳ್ಳಿನ ಕಿರೀಟ ಬೇಕಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದಿದರೆ ದಯವಿಟ್ಟು ನೋಟ್ ಪುಸ್ತಕದಲ್ಲಿ ತಿದ್ದಿಕೊಳ್ಳಿ.

ಗಣಿ, ಪೇಟೆ, ಅರಮನೆ, ದಂಡಿನ ಬಂಗಲೆಗಳು: ಬೆಳಕು ಹೋದ ದಾರಿ ಇದು. ದಂಡು ಪ್ರದೇಶದ ಬಂಗಲೆಗಳಲ್ಲಿ ಕುರ್ಚಿಯಿತ್ತು, ಜಾಗವಿತ್ತು, ಬಿಡುವಿತ್ತು. ನಿಲುದೀಪಕ್ಕೆ ಹೇಳಿ ಮಾಡಿಸಿದ ಮನೆಗಳು ಅವು. ನಮ್ಮಂಥವರ ಮನೆಗೆ ವಿದ್ಯುತ್ತು ಬಂದಾಗ ಬಂದದ್ದು ಸೂರಿನಿಂದ ತಂತಿಯಲ್ಲಿ ಜೋತುಬಿದ್ದ ಒಂದೇ ಬಲ್ಬು. ಅದರ ಕೆಳಗೇ ಊಟ, ಓದು, ಹೊಲಿಗೆ, ಜಗಳ ಎಲ್ಲವೂ. ಆ ಬಲ್ಬಿಗೂ ನಮ್ಮ ನಗರದಲ್ಲೇ ಒಂದು ತವರುಮನೆಯಿತ್ತು. 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ ವರ್ಕ್ಸ್, ಮಲ್ಲೇಶ್ವರದ ಆಚೆ ಹಳೆಯ ತುಮಕೂರು ರಸ್ತೆಯ ಬದಿಯಲ್ಲಿ ದಶಕಗಳ ಕಾಲ ಬಲ್ಬು ಮಾಡಿತು. 2003ರಲ್ಲಿ ಅದರ ಕೆಲಸ ನಿಂತಿತು. ವಿಂಟೇಜ್ ಎಂಬ ಮಾತನ್ನು ನಮ್ಮ ಮಟ್ಟಿಗೆ ಯಾವುದಕ್ಕಾದರೂ ಸಲ್ಲಿಸುವುದಾದರೆ, ಆ ಬಲ್ಬಿಗೇ ಮೊದಲು ಸಲ್ಲಿಸಬೇಕು.

ಹಳ್ಳಿಗಳ ಮಾತೇ ಬೇರೆ. ಎತ್ತರದ ತಂತಿಗಳು ಎಷ್ಟೋ ಊರುಗಳ ನೆತ್ತಿಯ ಮೇಲೆ ಹಾದುಹೋದವು, ಕೆಳಗಿಳಿಯಲಿಲ್ಲ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಆದ ಮೇಲೆ ಹಳ್ಳಿಗಳಿಗೆ ಕಂಬಗಳು ಬರತೊಡಗಿದವಾದರೂ, ಊರಿಗೆ ಕರೆಂಟು ಬರುವುದೂ ಮನೆಗೆ ಕರೆಂಟು ಬರುವುದೂ ಒಂದೇ ಅಲ್ಲ. ನಾನು ಏಳನೆಯ ತರಗತಿಯವರೆಗೆ ಓದಿದ್ದು ಲಾಟೀನಿನ ಬೆಳಕಿನಲ್ಲಿ. ಸಂಜೆ ಅದರ ಗಾಜನ್ನು ಬೂದಿ ಹಾಕಿ ಒರೆಸುವುದು ನನ್ನ ಪಾಲಿನ ಕೆಲಸ. ಗಾಜು ಒಡೆದ ದಿನ ಬೆನ್ನಿಗೆ ಬಿದ್ದ ಏಟು ಇನ್ನೂ ನೆನಪಿದೆ.

ಇಷ್ಟು ಕಂಡಿದ್ದವನು ನಾನು. ಆದರೂ ಮರೆತೆ. ಬಿ.ಎಡ್. ಮುಗಿಸಿ 1985ರಲ್ಲಿ ಒಂದು ಹಳ್ಳಿಯ ಪ್ರೌಢಶಾಲೆಗೆ ಸೇರಿದ ಹೊಸತು. ಎಂಟನೆಯ ತರಗತಿಯ ಹುಡುಗನೊಬ್ಬ ದಿನವೂ ಮನೆಗೆಲಸ ಮಾಡದೆ ಬರುತ್ತಿದ್ದ. ಕೇಳಿದರೆ ತಲೆ ತಗ್ಗಿಸುತ್ತಿದ್ದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ, ಕೈಗೆ ಬೆತ್ತದಲ್ಲಿ ಹೊಡೆದೆ, ಸೋಮಾರಿ ಎಂದು ಎಲ್ಲರೆದುರು ಕರೆದೆ. ಕೆಲವು ವಾರಗಳ ನಂತರ, ಒಂದು ಸಂಜೆ ಆ ಕೇರಿಯ ಮೂಲಕ ಹೋಗುವಾಗ ಅವನ ಮನೆಯನ್ನು ಕಂಡೆ. ಒಂದೇ ಕೋಣೆ, ಒಂದೇ ಸೀಮೆಎಣ್ಣೆ ಬುಡ್ಡಿ. ಅದು ಒಲೆಯ ಬಳಿ ಇತ್ತು. ಅಡುಗೆ ಮುಗಿದೊಡನೆ ಅವನ ತಾಯಿ ಅದನ್ನು ಊದಿ ಆರಿಸಿದರು. ಪಡಿತರದ ಸೀಮೆಎಣ್ಣೆ ತಿಂಗಳಿಡೀ ಬರಬೇಕಲ್ಲ. ಬಡವರ ಮನೆಗೆ ಒಂದು ಬಲ್ಬಿನ ಭಾಗ್ಯಜ್ಯೋತಿ ಯೋಜನೆ ಆ ವೇಳೆಗಾಗಲೇ ರಾಜ್ಯದಲ್ಲಿ ಜಾರಿಯಲ್ಲಿತ್ತು. ಆ ಮನೆಗೆ ಮಾತ್ರ ಇನ್ನೂ ತಲುಪಿರಲಿಲ್ಲ. ನಾನು ಬಾಗಿಲ ಬಳಿ ನಿಂತವನು ಒಳಗೆ ಹೋಗುವ ಧೈರ್ಯವಿಲ್ಲದೆ ಹಿಂದಿರುಗಿದೆ. ಮರುದಿನದಿಂದ, ಮನೆಗೆಲಸವನ್ನು ಶಾಲೆ ಬಿಟ್ಟ ಮೇಲೆ ಬೆಳಕಿರುವಾಗಲೇ ಅಲ್ಲೇ ಕುಳಿತು ಮುಗಿಸಬಹುದು ಎಂದು ತರಗತಿಗೆಲ್ಲ ಹೇಳಿದೆ, ನಾನೂ ಜೊತೆಗೆ ಕುಳಿತೆ. ಆದರೆ ಆ ಹುಡುಗನ ಬಳಿ 'ತಪ್ಪಾಯಿತು' ಎಂದು ಹೇಳಲಿಲ್ಲ. ಮೇಷ್ಟರು ಹಾಗೆ ಹೇಳುವ ರೂಢಿ ಆಗ ಇರಲಿಲ್ಲ ಎಂಬುದು ನೆಪ. ಅದೇ ನಾನು ಮೊದಲು ಹೇಳಿದ ಸಾಲ.

ಈ ಚರಿತ್ರೆಯನ್ನೆಲ್ಲ ಮಗಳಿಗೆ ಹೇಳಿ, ಒಂದು ನಿರ್ಧಾರಕ್ಕೆ ಬಂದೆವು. ಹಳೆಯದಾಗಿ ಕಾಣುವ ಹೊಸ ದೀಪ ಬೇಡ. ಹಳೆಯದನ್ನೇ ತರೋಣ, ಆದರೆ ಓದಲು ಬರುವಂಥದ್ದನ್ನು ತರೋಣ. 2021ರಿಂದ ನಮ್ಮ ಜ್ಞಾನಭಾರತಿಗೂ ಮೆಟ್ರೊ ನಿಲ್ದಾಣ ಬಂದಿರುವುದರಿಂದ ಊರು ಸುತ್ತುವುದು ಈಗ ಕಷ್ಟವಲ್ಲ. ಕಬ್ಬನ್ ಪಾರ್ಕಿನ ನಿಲ್ದಾಣದಲ್ಲಿ ಇಳಿದು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಎರಡು ದಿನ ತಿರುಗಿದೆವು. ಅಲ್ಲಿ ಕಲಿತದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಪ್ರಯೋಜನವಾದೀತು.

ಮೊದಲು ದೀಪವನ್ನು ಮಲಗಿಸಿ ಬುಡವನ್ನು ನೋಡಿ. ತೂಕದ ಬುಡವಿಲ್ಲದ ದೀಪ ಮೊಮ್ಮಕ್ಕಳ ಕೈ ತಾಗಿದರೆ ಉರುಳುತ್ತದೆ. ಹಿತ್ತಾಳೆಯೋ ಕಬ್ಬಿಣದ ಮೇಲಿನ ಬಣ್ಣವೋ ತಿಳಿಯಲು ಒಂದು ಅಯಸ್ಕಾಂತ ಸಾಕು, ಹಿತ್ತಾಳೆಗೆ ಅದು ಅಂಟುವುದಿಲ್ಲ. ಬಟ್ಟೆ ಸುತ್ತಿದ ಹಳೆಯ ತಂತಿಯೊಳಗಿನ ರಬ್ಬರು ಕಾಲಾಂತರದಲ್ಲಿ ಪುಡಿಯಾಗಿರುತ್ತದೆ. ನೋಡಲು ಚೆನ್ನಾಗಿದೆಯೆಂದು ಅದನ್ನು ಉಳಿಸಿಕೊಳ್ಳುವುದು ಜೀವಕ್ಕೆ ಅಪಾಯ. ಪೂರ್ತಿ ತೆಗೆಸಿ ಹೊಸ ತಂತಿ ಹಾಕಿಸಿ. ಲೋಹದ ಮೈಯಾದ್ದರಿಂದ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಬೇಕೇ ಬೇಕು. ಅಮೆರಿಕದಿಂದ ಬಂದ ದೀಪವಾದರೆ ಹೋಲ್ಡರು ತಿರುಪಿನದು, ನಮ್ಮ ರೂಢಿಯ ಪಿನ್ನಿನ ಬಲ್ಬು ಅದಕ್ಕೆ ಕೂರುವುದಿಲ್ಲ, ಬದಲಿಸಬೇಕು. ಇನ್ನು ಎತ್ತರ. ನೀವು ಕುರ್ಚಿಯಲ್ಲಿ ಕುಳಿತಾಗ ಕೊಡೆಯ ಕೆಳ ಅಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಮೇಲಾದರೆ ಬಲ್ಬು ಕಣ್ಣಿಗೆ ಚುಚ್ಚುತ್ತದೆ.

ಕೊನೆಗೆ ಸಿಕ್ಕಿದ್ದು ಹಸಿರು ಬಣ್ಣದ ಕಬ್ಬಿಣದ ದೀಪ. ಅಂದವೇನಿಲ್ಲ. ಬುಡದ ಕೆಳಗೆ ಬಿಳಿ ಬಣ್ಣದಲ್ಲಿ ಬರೆದ ದಾಸ್ತಾನು ಸಂಖ್ಯೆ ಅರ್ಧ ಅಳಿಸಿಹೋಗಿದೆ. ಯಾವುದೋ ಕಚೇರಿಯೋ ಬಂಗಲೆಯೋ ಹರಾಜಿಗೆ ಹಾಕಿದ್ದಿರಬೇಕು. "ಇದು ಬೇಡಿ ಸಾರ್, ಆ ಹಿತ್ತಾಳೆದು ತಗೊಳಿ, ಮನೆಗೆ ಬಂದೋರು ಕೇಳ್ತಾರೆ" ಎಂದರು ಅಂಗಡಿಯ ಹಿರಿಯರು. "ಬಂದೋರಿಗಲ್ಲ ಸಾಹೇಬರೇ, ಓದೋದಕ್ಕೆ" ಎಂದೆ. ಅವರು ನಕ್ಕು, ಮೂರು ಸಾವಿರವನ್ನು ಎರಡು ಸಾವಿರದ ಎಂಟುನೂರಕ್ಕೆ ಇಳಿಸಿದರು. ಎಸ್.ಪಿ. ರಸ್ತೆಯಿಂದ ತಂತಿ, ಹೋಲ್ಡರು, ಪ್ಲಗ್ ತಂದು ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿದೆ. ಹಳೆಯ ಕಾಲದ ಬಲ್ಬಿನಂತೆ ತಂತಿ ಕಾಣುವ ಎಲ್‌ಇಡಿ ಬಲ್ಬನ್ನು ಮಗಳು ತಂದಿದ್ದಳು. ಅದರ ಕೆಳಗೆ ಅಕ್ಷರಗಳು ಕಾಣಲಿಲ್ಲ. ಅರವತ್ತು ವಾಟಿನ ಹಳೆಯ ಬಲ್ಬಿಗೆ ಸಮನಾದ ಒಂಬತ್ತು ವಾಟಿನದನ್ನು ನಾನು ಹಾಕಿಕೊಂಡೆ. ನೆಂಟರು ಬಂದ ದಿನ ಅವಳದು, ಉಳಿದ ದಿನ ನನ್ನದು ಎಂದು ರಾಜಿಯಾಗಿದೆ.

ಈಗ ರಾತ್ರಿ ಆ ಮೂಲೆಯಲ್ಲಿ ಕುಳಿತು ಓದುತ್ತೇನೆ. ಕೊಡೆಯ ಬೆಳಕು ಪುಸ್ತಕದ ಮೇಲೆ ಬೀಳುತ್ತದೆ, ಬುಡದ ಸುತ್ತ ನೆರಳು ನಿಲ್ಲುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಕತ್ತಲಿನತ್ತ ನೋಡಿದಾಗಲೆಲ್ಲ ಬೆಂಚಿನ ಮೇಲೆ ನಿಂತ ಹುಡುಗ ನೆನಪಾಗುತ್ತಾನೆ. ಅವನಿಗೂ ಈಗ ಐವತ್ತು ದಾಟಿರಬೇಕು.

ಮೇಷ್ಟರ ಚಟ ಹೋಗುವುದಿಲ್ಲ ನೋಡಿ, ಕೊನೆಗೊಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಗೆ ಮೊದಲ ಬಲ್ಬು ಯಾವ ವರ್ಷ ಬಂತು, ಅದಕ್ಕೂ ಮುಂಚೆ ಯಾವ ದೀಪವಿತ್ತು, ಅದರ ಬಳಿ ಕೂರುವ ಹಕ್ಕು ಯಾರಿಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಅವರಿರುವಾಗಲೇ ಕೇಳಿ. ಬರೆಯದೆ ಬಂದವರನ್ನು ಈ ಸಲ ಬೈಯುವುದಿಲ್ಲ, ಕಾರಣ ಕೇಳುತ್ತೇನೆ.