ದೀಪದ ಹಿಂದಿನ ‘ಟಕ್’ ಸದ್ದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ತಾಲ್ಲೂಕುಗಳಿಗೆ ಮಳೆ ಕಡಿಮೆ, ಬಿಸಿಲು ಧಾರಾಳ. ಪಾವಗಡದ ತಿರುಮಣಿ ಬಳಿ 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕು ಸುಮಾರು 13,000 ಎಕರೆಯಷ್ಟು ವಿಶಾಲ. ಆದರೆ ಕರ್ನಾಟಕದ ಹಳ್ಳಿಗಳಲ್ಲಿ ಬಿಸಿಲಿನ ದೀಪ ಹೊತ್ತಿದ್ದು ಅದಕ್ಕೂ ಬಹಳ ಮೊದಲು. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಆರಂಭಿಸಿದ ಸೆಲ್ಕೊ ಸಂಸ್ಥೆ ಮನೆಗಳಿಗೆ ಸೌರ ದೀಪ ಒದಗಿಸತೊಡಗಿತ್ತು.

ಇಂಥ 12 ವೋಲ್ಟಿನ ಹಳೆಯ ವ್ಯವಸ್ಥೆಗಳಲ್ಲಿ ಹಲವಕ್ಕೆ ರಿಲೇಯೇ ಕಾವಲುಗಾರ. ಹತ್ತೊಂಬತ್ತನೇ ಶತಮಾನದಲ್ಲಿ ಟೆಲಿಗ್ರಾಫಿನ ದುರ್ಬಲ ಸಂಕೇತವನ್ನು ಮುಂದಕ್ಕೆ ದಾಟಿಸಲು ಬಳಕೆಗೆ ಬಂದ ಸಾಧನವಿದು. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದು ಅಯಸ್ಕಾಂತವಾಗಿ ಲೋಹದ ತುಂಡನ್ನು ಎಳೆಯುತ್ತದೆ. ‘ಟಕ್’ ಎಂದು ಸಂಪರ್ಕ ಕೂಡುತ್ತದೆ ಅಥವಾ ಕಡಿಯುತ್ತದೆ. ಬ್ಯಾಟರಿ ಬರಿದಾಗುತ್ತಿದ್ದಂತೆ ದೀಪದ ಸಂಪರ್ಕ ಕಡಿಯುವುದು ಇದರ ಕೆಲಸ.

ಪ್ರತಿ ಸಲವೂ ಸಣ್ಣ ಕಿಡಿ ಹಾರಿ ಸಂಪರ್ಕದ ತುದಿಗಳು ಸವೆಯುತ್ತವೆ. ಒಮ್ಮೊಮ್ಮೆ ಅಂಟಿಕೊಂಡೇ ಬಿಡುತ್ತವೆ. ಆಗ ಬ್ಯಾಟರಿ ಪೂರ್ತಿ ಬರಿದಾಗಿ ಬೇಗ ಹಾಳಾಗುತ್ತದೆ. ಅದರ ಬೆಲೆಯ ಮುಂದೆ ರಿಲೇ ಬೆಲೆ ಏನೂ ಅಲ್ಲ.

ರಿಲೇ ಬದಲಿಸುವಾಗ ಮೊದಲು ಸೌರ ಫಲಕದ, ಆಮೇಲೆ ಬ್ಯಾಟರಿಯ ತಂತಿ ಕಳಚಬೇಕು. ಸುರುಳಿಯ ವೋಲ್ಟೇಜು ಹಳೆಯದಕ್ಕೆ ಹೊಂದಬೇಕು. ಮೇಲೆ ಡಿ.ಸಿ.ಗೆಂದು ಬರೆದ ಆಂಪಿಯರ್ ಅಂಕಿಯನ್ನೇ ನೋಡಬೇಕು. ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವ ಎ.ಸಿ.ಯಲ್ಲಿ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಯಲ್ಲಿ ಅಷ್ಟು ಸುಲಭವಾಗಿ ಆರದು.

ಈಚಿನ ಪೆಟ್ಟಿಗೆಗಳಲ್ಲಿ ಸದ್ದಿಲ್ಲದ ಟ್ರಾನ್ಸಿಸ್ಟರುಗಳೇ ಈ ಕೆಲಸ ಮಾಡುತ್ತವೆ. ಆದರೂ ದೀಪ ಹತ್ತಲಿಲ್ಲವೆಂದು ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಕಿವಿಗೊಟ್ಟು ಕೇಳಿ. ‘ಟಕ್’ ಸದ್ದು ನಿಂತಿದ್ದರೆ ಕೆಟ್ಟಿರುವುದು ಆ ಪುಟ್ಟ ರಿಲೇ ಮಾತ್ರವಿರಬಹುದು.