ಮಕ್ಕಳ ಕಥೆಯೂ ಬೆಳ್ಳಿತೆರೆಯೂ

ನಮ್ಮ ಆಲಂಕಾರಿಕರು ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಎರಡಾಗಿ ವಿಂಗಡಿಸಿರುವರು. ಕೇಳಿ ಮನಸ್ಸಿನಲ್ಲಿ ಕಾಣತಕ್ಕದ್ದು ಮೊದಲನೆಯದು. ಕಣ್ಣೆದುರಿಗೆ ಕಂಡು ಆಸ್ವಾದಿಸತಕ್ಕದ್ದು ಎರಡನೆಯದು. ಶ್ರವ್ಯವನ್ನು ದೃಶ್ಯವಾಗಿ ಮಾರ್ಪಡಿಸುವ ಕೆಲಸವು ಬಹು ಹಳೆಯದು. ಆದರೂ ಮಕ್ಕಳಿಗೆ ಪ್ರಾಣಪ್ರಿಯವಾದ ಅದ್ಭುತಕಥೆಯೊಂದು ಚಲಚ್ಚಿತ್ರವಾಗಿ ಬಂದಾಗ, ನೋಡಿ ಬಂದ ಮಗುವು ಮುಖ ಸಣ್ಣದು ಮಾಡಿಕೊಂಡು “ಪುಸ್ತಕದಲ್ಲಿದ್ದ ಹಾಗೆ ಇಲ್ಲ” ಎಂದು ಹೇಳುವುದನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ಈ ಮಾತನ್ನು ಹುಡುಗಾಟಿಕೆಯೆಂದು ತಳ್ಳಿಬಿಡುವುದು ಸುಲಭ. ಅದರ ಹಿಂದೆ ಇರುವ ಚರಿತ್ರೆಯನ್ನು ಸ್ವಲ್ಪ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕನ್ನಡದಲ್ಲಿ ವಾಕ್ಚಿತ್ರವು 1934ರಲ್ಲಿ ತಲೆದೋರಿತು. ಆ ವರ್ಷವೇ ‘ಸತಿ ಸುಲೋಚನಾ’ ಮತ್ತು ‘ಭಕ್ತ ಧ್ರುವ’ ಎಂಬೆರಡು ಚಿತ್ರಗಳು ಜನರ ಮುಂದೆ ಬಂದುವು. ಧ್ರುವನ ಕಥೆ ಮಕ್ಕಳದೇ ಕಥೆ. ಐದು ವರ್ಷದ ಬಾಲಕನು ತಂದೆಯ ತೊಡೆಯ ಮೇಲೆ ಕುಳಿತುಕೊಳ್ಳಲು ಸ್ಥಳವಿಲ್ಲದೆ ಕಾಡಿಗೆ ಹೋದನೆಂಬುದಕ್ಕಿಂತ ಎಳೆಯ ಮನಸ್ಸನ್ನು ಕರಗಿಸುವ ವಸ್ತು ಯಾವುದಿದ್ದೀತು? ಇಂತಹ ಪೌರಾಣಿಕ ಚಿತ್ರಗಳ ವಿಷಯದಲ್ಲಿ “ಕಥೆಯಲ್ಲಿದ್ದಂತಿಲ್ಲ” ಎಂಬ ದೂರು ಅಷ್ಟಾಗಿ ಹುಟ್ಟುವುದಿಲ್ಲ. ಕಾರಣವು ಸ್ಪಷ್ಟವಾಗಿದೆ. ಧ್ರುವಪ್ರಹ್ಲಾದರನ್ನು ನಮ್ಮ ಜನರು ಹರಿಕಥೆಯಲ್ಲಿ ಕೇಳಿ, ಬಯಲಾಟದಲ್ಲಿ ಕಂಡು, ದೇವಾಲಯದ ಭಿತ್ತಿಗಳ ಮೇಲೆ ನೋಡಿ, ಅವರ ರೂಪವನ್ನು ಎಲ್ಲರೂ ಕೂಡಿ ಮೊದಲೇ ನಿಶ್ಚಯಿಸಿಕೊಂಡಿದ್ದರು. ತೆರೆಯು ಆ ಸಾಮಾನ್ಯ ರೂಪವನ್ನೇ ಪುನಃ ತೋರಿಸಿತು. ಒಬ್ಬೊಬ್ಬ ಓದುಗನು ತಾನೊಬ್ಬನೇ ಕುಳಿತು ಕಲ್ಪಿಸಿಕೊಂಡ ಕಥೆಯ ಪಾಡು ಬೇರೆ. ಅಲ್ಲಿ ಎಷ್ಟು ಮಕ್ಕಳೋ ಅಷ್ಟು ಚಿತ್ರಗಳು; ತೆರೆಯ ಮೇಲೆ ಬರುವುದಾದರೋ ಒಂದೇ.

ನಮ್ಮ ನಾಡಿನ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕವಿ ಬ್ರೌನಿಂಗನು 1842ರಲ್ಲಿ ಪ್ರಕಟಿಸಿದ ಹ್ಯಾಮಲಿನ್ ನಗರದ ಕೊಳಲುಗಾರನ ಕಥನಕವನವನ್ನು ಕುವೆಂಪು ಅವರು ತಮ್ಮ ತಾರುಣ್ಯದಲ್ಲಿ, ಕಳೆದ ಶತಮಾನದ ಮೂರನೆಯ ದಶಕದಲ್ಲಿ, ಕನ್ನಡಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದರು. ಜರ್ಮನಿಯ ನಗರವು ತುಂಗೆಯ ತೀರದ ಹಳ್ಳಿಯಾಯಿತು, ನಗರಾಧ್ಯಕ್ಷನು ಗೌಡನಾದನು, ಕೊಳಲಿನ ಸ್ಥಾನಕ್ಕೆ ಕಿಂದರಿ ಬಂದಿತು. ಇಷ್ಟೆಲ್ಲವೂ ಬದಲಾದರೂ ಕಥೆಯ ಜೀವವು ಬದಲಾಗಲಿಲ್ಲ. ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರ ಪಾಪವು ಮಕ್ಕಳ ಅಗಲಿಕೆಯಾಗಿ ಅವರ ಮನೆಬಾಗಿಲಿಗೇ ಬರುವುದೆಂಬ ಭಯಂಕರ ಸತ್ಯವನ್ನು ಕವಿಗಳು ನಗುನಗುತ್ತಲೇ ಹೇಳಿದರು. ಯಲಹಂಕದ ಸುತ್ತಿನ ಶಾಲೆಗಳಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಇಲಿಗಳ ದಂಡು ಹೊರಡುವ ಭಾಗ ಬಂದರೆ ಕಡೆಯ ಬೆಂಚಿನ ಹುಡುಗರೂ ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು.

1989ರಲ್ಲಿ ‘ಕಿಂದರಿ ಜೋಗಿ’ ಎಂಬ ಚಲಚ್ಚಿತ್ರವು ಹೊರಬಿದ್ದಿತು. ಅದರ ನಿರ್ದೇಶಕರೂ ನಾಯಕರೂ ಶ್ರೀ ರವಿಚಂದ್ರನ್, ನಾಯಿಕೆ ಜೂಹಿ ಚಾವ್ಲಾ, ಸಂಗೀತ ಹಂಸಲೇಖರದು. ಅದು ಯುವಜನರ ಪ್ರಣಯದ ಚಿತ್ರ. ಅದರ ಮಟ್ಟಿಗೆ ಅದು ಜನರಂಜನೆ ಮಾಡಿತು. ಅದನ್ನು ಆಕ್ಷೇಪಿಸುವ ಇಚ್ಛೆ ನನಗಿಲ್ಲ. ಆದರೆ ಹೆಸರನ್ನು ಕೇಳಿ ಇಲಿಗಳನ್ನೂ ಗೌಡನನ್ನೂ ನಿರೀಕ್ಷಿಸುವ ಮಗುವಿಗೆ ಅಲ್ಲಿ ದೊರೆಯತಕ್ಕದ್ದು ಹೆಸರು ಮಾತ್ರ. ಪ್ರಿಯವಾದ ಕಥೆಯನ್ನು ತಪ್ಪಾಗಿ ತೋರಿಸುವುದೊಂದು ಬಗೆಯ ನಿರಾಶೆಯಾದರೆ, ಅದರ ಹೆಸರನ್ನಷ್ಟೆ ತೆಗೆದುಕೊಂಡು ಕಥೆಯನ್ನು ಹೊರಗೇ ನಿಲ್ಲಿಸುವುದು ಇನ್ನೊಂದು ಬಗೆ.

ಪರದೇಶಗಳಲ್ಲಿಯೂ ಇದೇ ಚರಿತ್ರೆಯುಂಟು. ಅಮೆರಿಕದ ಬಾಮ್ ಎಂಬವನು 1900ರಲ್ಲಿ ಬರೆದ ಓಜ್ ದೇಶದ ಮಾಂತ್ರಿಕನ ಕಥೆಯಲ್ಲಿ ಆ ದೇಶವು ನಿಜವಾಗಿಯೂ ಇದೆ. 1939ರ ಚಿತ್ರದಲ್ಲಾದರೋ ಅದು ಬಾಲಿಕೆಯ ಸ್ವಪ್ನವಾಗಿ ಮುಗಿಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಜರ್ಮನಿಯ ಮಿಖಾಯೆಲ್ ಎಂಡೆಯ ‘ಮುಗಿಯದ ಕಥೆ’ಯ ಪ್ರಸಂಗ. 1979ರಲ್ಲಿ ಬಂದ ಆ ಕಾದಂಬರಿಯಲ್ಲಿ ಬಾಲಕನೊಬ್ಬನು ತಾನು ಓದುವ ಪುಸ್ತಕದ ಲೋಕದೊಳಕ್ಕೇ ಹೋಗುತ್ತಾನೆ. ಅಲ್ಲಿ ಅವನ ಇಷ್ಟಾರ್ಥಗಳು ಒಂದೊಂದಾಗಿ ನೆರವೇರುತ್ತವೆ. ಆದರೆ ಒಂದೊಂದು ಇಷ್ಟಾರ್ಥಕ್ಕೂ ಅವನ ಒಂದೊಂದು ನೆನಪು ಅಳಿಸಿಹೋಗುತ್ತದೆ. ಕಡೆಗೆ ತನ್ನ ಹೆಸರನ್ನೇ ಮರೆತವನು ಪ್ರೀತಿಸುವುದನ್ನು ಕಲಿತು ಮನೆಗೆ ಹಿಂದಿರುಗುತ್ತಾನೆ. 1984ರ ಚಿತ್ರವು ಸುಮಾರು ಅರ್ಧ ಕಥೆಯಲ್ಲಿಯೇ ನಿಂತುಬಿಟ್ಟಿತು. ಅದರ ಕೊನೆಯಲ್ಲಿ ಹುಡುಗನು ಡ್ರ್ಯಾಗನ್ನಿನ ಬೆನ್ನೇರಿ ಬಂದು, ತನ್ನನ್ನು ಪೀಡಿಸಿದ ಪುಂಡರನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಬಯಕೆಗೆ ತೆರಬೇಕಾದ ಬೆಲೆಯನ್ನು ಕಲಿಸಲು ಹೊರಟ ಕಥೆಯು ಬಯಕೆ ತೀರಿದ ಉತ್ಸಾಹದಲ್ಲಿ ಮುಗಿಯಿತು. ಎಂಡೆಯು ಮನನೊಂದು, ಈ ಚಿತ್ರದಲ್ಲಿ ತನ್ನ ಹೆಸರು ಬೇಡವೆಂದನು. ಇದನ್ನು ಗ್ರಂಥಕರ್ತನ ಜಂಭವೆನ್ನಲಾದೀತೆ?

ದೊಡ್ಡವರ ಕಥೆಗಳಿಗೂ ಈ ಗತಿ ತಪ್ಪಿದ್ದಲ್ಲ. ಮೈಸೂರಿನಲ್ಲಿ ವಾಸವಾಗಿದ್ದ ಆರ್. ಕೆ. ನಾರಾಯಣರ ‘ಗೈಡ್’ ಕಾದಂಬರಿಯು 1965ರಲ್ಲಿ ಹಿಂದೀ ಚಿತ್ರವಾದಾಗ, ಮಾಲ್ಗುಡಿಯೆಂಬ ಪುಟ್ಟ ಊರು ಮಾಯವಾಗಿ ರಾಜಸ್ಥಾನದ ಅರಮನೆಗಳು ಎದ್ದುನಿಂತುವು. ನಾರಾಯಣರು ಆ ಅನುಭವವನ್ನು ತಮ್ಮ ಸಹಜವಾದ ತಿಳಿನಗೆಯಿಂದ ಒಂದು ಪ್ರಬಂಧವಾಗಿಯೇ ಬರೆದರು. ಅದೇ ನಾರಾಯಣರ 1935ರ ‘ಸ್ವಾಮಿ ಮತ್ತು ಅವನ ಸ್ನೇಹಿತರು’ ಶಂಕರ್ ನಾಗ್ ಅವರ ಕೈಗೆ ಬಂದು, ‘ಮಾಲ್ಗುಡಿ ಡೇಸ್’ ಎಂಬ ಹೆಸರಿನಿಂದ ದೂರದರ್ಶನದಲ್ಲಿ ಪ್ರಸಾರವಾದಾಗ ಮನೆಮನೆಯೂ ಅದನ್ನು ಮೆಚ್ಚಿತು. ಅದು ಅದ್ಭುತಕಥೆಯಲ್ಲವಾದರೂ ಇಲ್ಲಿ ವಿಚಾರಾರ್ಹವಾಗಿದೆ. ಆಗುಂಬೆಯ ಬೀದಿಯೇ ಮಾಲ್ಗುಡಿಯಾಯಿತು. ಸ್ವಾಮಿಯಾದವನು ಮಾಸ್ಟರ್ ಮಂಜುನಾಥ. ಕಥೆಯನ್ನು ಕಂತುಕಂತಾಗಿ ಹೇಳಿದ್ದರಿಂದ ಆತುರವಿರಲಿಲ್ಲ. ಬಾಲಕನ ದುಃಖವನ್ನು ಬಾಲಕನ ಎತ್ತರದಿಂದಲೇ ನೋಡಿದರು.

ಹಾಗಾದರೆ ಮೂಲವನ್ನು ಎಳ್ಳಷ್ಟೂ ಬದಲಿಸಬಾರದೆಂದು ಅರ್ಥವೇ? ಖಂಡಿತವಾಗಿ ಅಲ್ಲ. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಬಲ್ಲವನಾಗಿಯೇ ಅರಿಯೆನೆನ್ನುತ್ತಾನೆ. ದುರ್ವಾಸರ ಶಾಪವೂ ಉಂಗುರವೂ ಕಾಳಿದಾಸನು ತಂದು ಸೇರಿಸಿದ ಅಂಶಗಳು. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ, ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ವಿರೋಧವಾದದ್ದೇನಾದರೂ ಇದ್ದರೆ ಅದನ್ನು ಬಿಟ್ಟು, ರಸಕ್ಕೆ ಉಚಿತವಾದುದನ್ನು ಕಲ್ಪಿಸಬೇಕೆಂದೇ ವಿಧಿಸಿದ್ದಾನೆ. ಆದುದರಿಂದ ಬದಲಾವಣೆಯು ದೋಷವಲ್ಲ. ಯಾವುದಕ್ಕಾಗಿ ಬದಲಾಯಿಸಿದರೆಂಬುದೇ ಪ್ರಶ್ನೆ. ತುಂಗೆಯ ತೀರಕ್ಕೆ ಬಂದ ಜೋಗಿಯು ರಸಕ್ಕಾಗಿ ಬದಲಾದವನು. ಅರ್ಧಕ್ಕೆ ನಿಂತ ಎಂಡೆಯ ಕಥೆಯು ಹಾಗೆ ಬದಲಾದುದಲ್ಲ. ಬಹುದ್ರವ್ಯವನ್ನು ಸುರಿದು ತೆಗೆಯುವ ಚಿತ್ರಕ್ಕೆ ಎಲ್ಲ ವಯಸ್ಸಿನ ಜನರೂ ಬೇಕು. ಎರಡು ಮೂರು ಗಂಟೆಯ ಮಿತಿಯೊಳಗೆ ಮುಗಿಯಬೇಕು. ಮುಕ್ತಾಯವು ಚಪ್ಪಾಳೆ ತಟ್ಟಿಸುವಂತಿರಬೇಕು. ಈ ಅವಸರದಲ್ಲಿ ಮೊದಲು ಕತ್ತರಿಸಿಹೋಗುವುದು ಮೌನ, ಭಯ, ದುಃಖ. ಎಂದರೆ, ಮಗುವು ತಾನೊಬ್ಬನೇ ಕುಳಿತು ನೆನೆದುಕೊಳ್ಳುವ ಭಾಗವೇ.

ನಮ್ಮ ಹೆಬ್ಬಾಳದಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಅಕ್ಷರವೂ ಉಂಟು, ವೀರನ ಆಕೃತಿಯೂ ಉಂಟು. ಅಕ್ಷರವು ಹೆಸರನ್ನು ಉಳಿಸಿತು. ಆಕೃತಿಯು ಶೌರ್ಯವನ್ನು ತೋರಿಸಿತು. ಎರಡೂ ಒಂದೇ ಕಲ್ಲಿನಲ್ಲಿರುವುದರಿಂದ ಕಿತ್ತಯ್ಯನು ಇಂದಿಗೂ ನಮಗೆ ಪರಿಚಿತನು. ಆಕೃತಿಯೊಂದೇ ಉಳಿದು ಅಕ್ಷರವು ಸವೆದುಹೋಗಿದ್ದರೆ ಅವನು ಹೆಸರಿಲ್ಲದ ಕತ್ತಿಯಾಳಾಗುತ್ತಿದ್ದನು.

ಇಂದು ನಮ್ಮ ಭಾಗದ ಮಕ್ಕಳಿಗೆ ತೆರೆಯು ಕೈಯಲ್ಲಿಯೇ ಇದೆ, ಪುಸ್ತಕವು ಬೀರುವಿನಲ್ಲಿದೆ. ಚಿತ್ರವನ್ನು ಮೊದಲು ಕಂಡ ಮಗುವಿಗೆ ಆಮೇಲೆ ಓದಿದರೂ ನಟನ ಮುಖವೇ ಎದುರಿಗೆ ಬಂದು ನಿಲ್ಲುವುದು; ಎಷ್ಟೋ ಮಕ್ಕಳು ಓದುವುದೇ ಇಲ್ಲ. ನಿಷೇಧದಿಂದ ಇದು ಪರಿಹಾರವಾಗತಕ್ಕದ್ದಲ್ಲ. ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಚಿತ್ರಕ್ಕೆ ಕರೆದೊಯ್ಯುವ ಮೊದಲು ಕಥೆಯನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿರಿ. ಹಿಂದಿರುಗಿ ಬಂದ ಮಗುವು “ಹಾಗಿಲ್ಲ” ಎಂದು ಮುನಿದರೆ ಸಮಾಧಾನ ಹೇಳಿ ಸುಮ್ಮನಾಗಿಸಬೇಡಿ, ಹೇಗಿರಬೇಕಾಗಿತ್ತೆಂದು ಕೇಳಿರಿ. ತನ್ನ ಮನಸ್ಸಿನಲ್ಲಿ ಬೇರೊಂದು ಚಿತ್ರವಿದ್ದ ಮಗು ಮಾತ್ರವೇ ಹಾಗೆ ಮುನಿಯಬಲ್ಲದು.