ಹೆಸರಿನ ಕೊನೆಯ ‘ಅಬ್ಬೆ’

ಹಳಗನ್ನಡದ ಶಾಸನಗಳನ್ನೂ ಕಾವ್ಯಗಳನ್ನೂ ಓದುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಅಲ್ಲಿನ ಸ್ತ್ರೀನಾಮಗಳಲ್ಲಿ ಅನೇಕವು ‘ಅಬ್ಬೆ’ ಎಂದು ಮುಗಿಯುತ್ತವೆ. ಪಂಪನ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ. ಹತ್ತನೆಯ ಶತಮಾನದ ಆದಿಯಲ್ಲಿ, ಪತಿಯ ಮರಣಾನಂತರ ನಾಗರಖಂಡ ೭೦ರ ಆಡಳಿತವನ್ನು ವಹಿಸಿಕೊಂಡವಳು ಜಕ್ಕಿಯಬ್ಬೆ. ‘ಜಕ್ಕಿ’ ಎಂಬುದು ‘ಯಕ್ಷಿ’ಯ ತದ್ಭವ. ‘ಅಬ್ಬೆ’ ಎಂದರೆ ತಾಯಿ.

ಇದು ಹಿರಿಯರಿಗೆ ಗೌರವಾರ್ಥವಾಗಿ ಸೇರಿಸುತ್ತಿದ್ದ ಮಾತಷ್ಟೇ ಆಗಿದ್ದಿತೆ? ಹಾಗೆನ್ನಲಾಗದು. ರನ್ನನು ತನ್ನ ಆಶ್ರಯದಾತರ ನೆನಪಿಗಾಗಿ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಎಳೆಯ ಹೆಣ್ಣುಮಗುವಿನ ಹೆಸರಿನಲ್ಲಿಯೂ ‘ತಾಯಿ’ ಎಂಬ ಪದ ನಿಂತಿತೆಂದ ಮೇಲೆ, ಅದು ಹೆಸರಿನ ಅಂಗವೇ ಆಗಿದ್ದಿತೆನ್ನಬೇಕು.

ಆ ಹೆಸರಿನ ಮೂಲವ್ಯಕ್ತಿಯ ಬಾಳು ಸುಲಭವಾದುದಲ್ಲ. ಪತಿ ನಾಗದೇವನು ತೀರಿಕೊಂಡಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಉಳಿದಳು. ಉಳಿದವಳು ಪೊನ್ನನ ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳು. ೯೯೩ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿಯ ೧೦೦೭ರ ಶಾಸನ ಅವಳ ಕೀರ್ತಿಯನ್ನು ಸಾರುತ್ತದೆ. ಇತ್ತ ೧೦೫೭ರ ಬೆಳತೂರು ಶಾಸನದ ದೇಕಬ್ಬೆ, ಪತಿ ಏಚನ ಮರಣದ ಸುದ್ದಿ ಕೇಳಿ, ಬಂಧುಗಳು ತಡೆದರೂ ಬೆಂಕಿಯನ್ನು ಹೊಕ್ಕಳು. ಗುಂಡಮಬ್ಬೆ, ಅತ್ತಿಮಬ್ಬೆ, ದೇಕಬ್ಬೆ: ಹೆಸರಿನ ಕೊನೆ ಒಂದೇ, ಬಾಳಿನ ಕೊನೆ ಬೇರೆ ಬೇರೆ. ತಾಯಿಯೆಂದು ಕರೆದ ಸಮಾಜವೇ ಚಿತೆಯೇರಿದವಳನ್ನೂ ಹೊಗಳಿ ಕಲ್ಲಿನಲ್ಲಿ ಕೆತ್ತಿಸಿತು ಎಂಬುದನ್ನು ನಾವು ಮರೆಯಬಾರದು.

ಕಾಲಕ್ರಮದಲ್ಲಿ ‘ಅಬ್ಬೆ’ ‘ಅವ್ವೆ’ಯಾಗಿ, ‘ಅವ್ವ’ವಾಯಿತು. ಉತ್ತರ ಕರ್ನಾಟಕದ ಗಂಗವ್ವ, ನೀಲವ್ವ, ಬಸವ್ವ ಎಂಬ ಹೆಸರುಗಳು ಅದೇ ಬಳ್ಳಿಯವು. ಹವ್ಯಕರ ಮನೆಮಾತಿನಲ್ಲಿ ತಾಯಿ ಇಂದಿಗೂ ‘ಅಬ್ಬೆ’ಯೇ. ಈಗ ಮಕ್ಕಳಿಗೆ ಚಿಕ್ಕ, ನಯವಾದ ಹೆಸರುಗಳನ್ನು ಆರಿಸುವವರು ‘ಅವ್ವ’ವನ್ನು ಹಳ್ಳಿಗಾಡಿನದೆಂದು ಬಿಡುವುದುಂಟು. ಬಿಡುವುದು ಅವರವರ ಇಚ್ಛೆ. ಆದರೆ ಅಜ್ಜಿಯ ಹೆಸರನ್ನು ಹೇಳಲು ನಾಚುವ ಮೊಮ್ಮಕ್ಕಳು ಒಂದನ್ನು ತಿಳಿದಿರಲಿ: ಆ ಎರಡಕ್ಷರದ ಹಿಂದೆ ಸಾವಿರ ವರ್ಷಗಳ ಕನ್ನಡವಿದೆ, ಪಂಪ ರನ್ನರ ತಾಯಂದಿರ ಹೆಸರುಗಳೂ ಹಾಗೆಯೇ ಮುಗಿಯುತ್ತಿದ್ದವು.